ಬೀಗದ ಗಾತ್ರ

ಆ ಹುಡುಗಿಗೆ ಮನೆಯಲ್ಲೂ ಬೀದಿಯಲ್ಲೂ ಕಾಲೇಜಿನಲ್ಲೂ ಗಿಣಿ ಎಂದೇ ಹೆಸರು. ಓದಿದ್ದನ್ನು ಬಾಯಿಬಿಟ್ಟು ಹೇಳದಿದ್ದರೆ ಅವಳ ತಲೆಗೆ ಹತ್ತುತ್ತಿರಲಿಲ್ಲ. ಗೋಡೆಗೆ ಹೇಳುತ್ತಿದ್ದಳು, ಪಾತ್ರೆ ಉಜ್ಜುತ್ತ ಪಾತ್ರೆಗೆ ಹೇಳುತ್ತಿದ್ದಳು, ಸ್ನಾನಕ್ಕೆ ಹೋದರೆ ನೀರು ಸುರಿದುಕೊಳ್ಳುತ್ತಲೂ ಹೇಳುತ್ತಿದ್ದಳು. ಪಕ್ಕದ ಮನೆಯವರು ಬೇಕಿದ್ದೋ ಬೇಡವಾಗಿಯೋ ಚರಿತ್ರೆ, ಭೂಗೋಳ ಎಲ್ಲ ಕಲಿತುಬಿಟ್ಟಿದ್ದರು. ಇನ್ನು ಕೂತು ಕೇಳುವವರು ಸಿಕ್ಕಿದರಂತೂ ಅವಳ ಹುರುಪು ಹೇಳತೀರದು. ಹಾಗೆ ಕೂತು ಕೇಳುತ್ತಿದ್ದವಳು ಅಕ್ಕ ಒಬ್ಬಳೇ.

ಅಕ್ಕ ಓದು ಅರ್ಧಕ್ಕೆ ಬಿಟ್ಟು ಅಂಗಿ ಹೊಲಿಯುವ ಕಾರ್ಖಾನೆಗೆ ಸೇರಿದವಳು. ಸಂಜೆ ಬಂದವಳೇ ಕಾಲು ಚಾಚಿ ಕೂತು, ಗಿಣಿಯ ಪುಸ್ತಕ ಕಿತ್ತುಕೊಂಡು ಪ್ರಶ್ನೆ ಕೇಳುತ್ತಿದ್ದಳು. ಇಂಗ್ಲಿಷಿನ ಅಲಂಕಾರಗಳ ಪಾಠ ಬಂದಾಗ ಪುಸ್ತಕದ ಉದಾಹರಣೆಗಳು ಅವಳಿಗೆ ಸಪ್ಪೆ ಎನಿಸಿದವು. ಸಿಮಿಲಿ ಅಂದರೆ ಒಂದು ಇನ್ನೊಂದರ ಹಾಗಿದೆ ಅನ್ನುವುದು ತಾನೇ, ನಮ್ಮ ಕಾರ್ಖಾನೆಯ ಮಹಡಿ ಕೋಳಿಗೂಡಿನ ಹಾಗಿದೆ, ಬರಕೋ ಎಂದಳು. ಹೈಪರ್ಬೊಲಿ ಅಂದರೆ ಸಾಸಿವೆಯಷ್ಟಿದ್ದದ್ದನ್ನು ಬೆಟ್ಟ ಮಾಡುವುದು ತಾನೇ, ನಮ್ಮ ಮೇಸ್ತ್ರಿ ನಕ್ಕಿದ್ದನ್ನು ಕಂಡವರು ಯಾರೂ ಬದುಕಿ ಉಳಿದಿಲ್ಲ, ಬರಕೋ ಎಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಳಗಿನಿಂದ ಅಮ್ಮ ಊಟಕ್ಕೆ ಏಳುತ್ತೀರೋ ಇಲ್ಲವೋ ಎಂದು ಗದರುತ್ತಿದ್ದಳು.

ಆ ಅಕ್ಕ ಈಗಿಲ್ಲ. ಬೇಸಗೆಯ ಆರಂಭದಲ್ಲಿ ಕಾರ್ಖಾನೆಗೆ ಬೆಂಕಿ ಬಿತ್ತು. ಮೇಲಿನ ಮಹಡಿಯಲ್ಲಿ ಹೊಲಿಯುತ್ತಿದ್ದ ಹೆಂಗಸರಲ್ಲಿ ಒಬ್ಬಳೂ ಕೆಳಗೆ ಇಳಿದು ಬರಲಿಲ್ಲ.

ಅಮ್ಮನೂ ಅದೇ ಕಾರ್ಖಾನೆಯವಳು. ಅವಳದು ಕೆಳಗಿನ ಕೋಣೆಯಲ್ಲಿ ಇಸ್ತ್ರಿ ಮಾಡುವ ಕೆಲಸ. ಹೊಲಿದ ಅಂಗಿಗಳ ಕಟ್ಟು ತರಲು ದಿನಕ್ಕೆ ಹಲವು ಸಲ ಮೇಲೆ ಹತ್ತಿ ಹೋಗುತ್ತಿದ್ದವಳು ಅವಳು ಮಾತ್ರ. ಮೆಟ್ಟಿಲ ತುದಿಯಲ್ಲೊಂದು ಬಾಗಿಲು. ಹೆಂಗಸರು ಸುಮ್ಮಸುಮ್ಮನೆ ಎದ್ದು ಓಡಾಡುತ್ತಾರೆ, ಕೆಲಸ ಹಾಳು ಎಂದು ಮೇಸ್ತ್ರಿ ಅದಕ್ಕೆ ಹೊರಗಿನಿಂದ ಬೀಗ ಹಾಕುತ್ತಿದ್ದ. ಬೀಗದಕೈ ಅವನ ಸೊಂಟದಲ್ಲೇ ನೇತಾಡುತ್ತಿದ್ದುದರಿಂದ ಹೆಂಗಸರೆಲ್ಲ ಅವನನ್ನು ಕೀಲಿಕೈ ಎಂದು ಕರೆಯುತ್ತಿದ್ದರು. ಅಮ್ಮ ಪ್ರತಿ ಸಲವೂ ಅವನನ್ನು ಹುಡುಕಿ, ಗೋಗರೆದು, ಬಾಗಿಲು ತೆಗೆಸಬೇಕಿತ್ತು. ಬೆಂಕಿ ಬಿದ್ದಾಗ ಕೀಲಿಕೈ ಹೊರಗೆಲ್ಲೋ ಹರಟೆಗೆ ಹೋಗಿದ್ದ.

ಬೆಂಕಿ ಆರಿದ ಮೇಲೆ ಬೂದಿಯಲ್ಲಿ ಬಾಗಿಲಿನ ಕೊಂಡಿ ಸಿಕ್ಕಿತು, ಬೀಗ ಸಿಗಲಿಲ್ಲ. ಬೀಗಕ್ಕೆ ಕಾಲು ಬಂದಿತ್ತು. ಬೀಗವೇ ಇರಲಿಲ್ಲ ಎಂದ ಮೇಸ್ತ್ರಿ. ಮಾಲೀಕ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಹೆಂಗಸರು ಕದ್ದುಮುಚ್ಚಿ ಹರಟೆ ಹೊಡೆಯಲು ಒಳಗಿನಿಂದ ಚಿಲಕ ಹಾಕಿಕೊಳ್ಳುವ ಅಭ್ಯಾಸವಿತ್ತು, ಹೊಲಿಗೆ ಯಂತ್ರಗಳ ಸಾಲಿನ ಉಸ್ತುವಾರಿ ಹೊತ್ತಿದ್ದವಳೇ ಹಾಕಿರಬೇಕು, ಹೊಗೆಯಲ್ಲಿ ತೆಗೆಯಲಾಗಿಲ್ಲ ಎಂದು ಹೇಳಿಕೆ ಕೊಟ್ಟ. ಸಾಲಿನ ಉಸ್ತುವಾರಿ ಹೊತ್ತಿದ್ದವಳು ಅಕ್ಕ. ಬಾಯಿಲ್ಲದ ಹೆಣದ ಮೇಲೆ ಅಷ್ಟು ಜನರ ಸಾವನ್ನು ಹೊರಿಸಿ ಆ ಮಹಾನುಭಾವ ಕೈ ತೊಳೆದುಕೊಳ್ಳಲು ಹೊರಟಿದ್ದ. ಕೆಳಗಿನ ಕೋಣೆಯ ಉಳಿದವರಿಗೆ ತನ್ನ ಇನ್ನೊಂದು ಕಾರ್ಖಾನೆಯಲ್ಲಿ ಕೆಲಸ ಕೊಟ್ಟು ಬಾಯಿಗೆ ಹೊಲಿಗೆ ಹಾಕಿದ್ದ. ಅವರೆಲ್ಲ ನಮಗೇನೂ ತಿಳಿಯದು ಎಂದುಬಿಟ್ಟರು. ಬೀಗ ಇತ್ತು ಎನ್ನಲು ಉಳಿದವಳು ಅಮ್ಮ ಒಬ್ಬಳೇ.

ಸರ್ಕಾರ ವಿಚಾರಣೆಗೆ ಒಬ್ಬ ಅಧಿಕಾರಿಯನ್ನು ನೇಮಿಸಿತು. ಕಾರ್ಮಿಕ ಸಂಘದ ಕಾರ್ಯದರ್ಶಿ, ತಲೆ ನರೆತ ಗಟ್ಟಿ ಹೆಂಗಸು, ಮನೆಗೆ ಬಂದು ಅಮ್ಮನ ಪಕ್ಕ ಕೂತು ವಿಷಯ ತಿಳಿಸಿದಳು. ನೋಡಿದ್ದನ್ನು ನೋಡಿದ ಹಾಗೆ ಹೇಳಿದರೆ ಸಾಕು, ಬೇರೇನೂ ಬೇಡ ಎಂದು ಎರಡೆರಡು ಸಲ ಹೇಳಿ ಹೋದಳು. ಗಿಣಿ ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಆ ಒಂದು ಮಾತನ್ನು ಬಿಟ್ಟು ಉಳಿದದ್ದೆಲ್ಲ ಅವಳ ತಲೆಗೆ ಹೋಯಿತು.

ಆ ವಾರವೇ ಕಾಲೇಜಿನಲ್ಲಿ ಪರೀಕ್ಷೆಗೆ ಮುಂಚಿನ ಪುನರಾವರ್ತನೆ ನಡೆದಿತ್ತು. ಇಂಗ್ಲಿಷ್ ಮೇಷ್ಟ್ರು ನಾಲ್ಕು ಪದಕ್ಕೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು, ಹುಡುಗರು ಅವರಿಗೆ ಕಾಮಾ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಅವರು ಹಲಗೆಯ ಮೇಲೆ ಉದ್ದಕ್ಕೆ ಬರೆಯುತ್ತ ಹೋದರು: ಸಿಮಿಲಿ, ಮೆಟಫರ್, ಪರ್ಸಾನಿಫಿಕೇಶನ್, ಹೈಪರ್ಬೊಲಿ, ರಿಪಿಟಿಶನ್, ಐರನಿ, ರೆಟರಿಕಲ್ ಕ್ವೆಶ್ಚನ್. ಇವೆಲ್ಲ ಬರೀ ಒಡವೆಗಳಲ್ಲ, ಕೇಳುವವನ ಮನಸ್ಸಿನ ಬಾಗಿಲು ತೆಗೆಯುವ ಉಪಕರಣಗಳು ಎಂದರು. ಒಣ ಸಂಗತಿಯನ್ನು ಕೇಳಿ ಯಾರೂ ಕಣ್ಣೀರು ಹಾಕುವುದಿಲ್ಲ, ಹೇಳುವ ರೀತಿಗೆ ಹಾಕುತ್ತಾರೆ ಎಂದರು. ರೆಟರಿಕಲ್ ಕ್ವೆಶ್ಚನ್ ಬಂದಾಗ ಸುಣ್ಣದ ಕಡ್ಡಿಯನ್ನು ಎತ್ತಿ ಹಿಡಿದು, ಇದು ಉತ್ತರ ಬೇಡದ ಪ್ರಶ್ನೆ, ಯಾರೂ ಇದಕ್ಕೆ ಉತ್ತರ ಕೊಡಲಾರರು, ಅದೇ ಇದರ ಬಲ ಎಂದರು. ಪಾಪ, ಅವರು ಪರೀಕ್ಷೆಗೆ ಬೇಕಾದ್ದನ್ನು ಹೇಳಿದರು. ಗಿಣಿ ಮಾತ್ರ ಅದನ್ನು ಬೇರೆ ಪರೀಕ್ಷೆಗೆ ಕೇಳಿಸಿಕೊಂಡಳು.

ಸಂಜೆ ಮನೆಗೆ ಬಂದು ಅಮ್ಮನನ್ನು ಎದುರಿಗೆ ಕೂರಿಸಿಕೊಂಡಳು. ನಾನೇ ಅಧಿಕಾರಿ ಅಂದುಕೋ, ಅಲ್ಲಿ ಏನು ಹೇಳುತ್ತೀಯೋ ಹೇಳು ಎಂದಳು.

ಅಮ್ಮನಿಗೆ ಮಾತು ಕಡಿಮೆ. ಇಸ್ತ್ರಿಯ ಶಾಖಕ್ಕೆ ಗಟ್ಟಿಯಾದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು, ಗೋಡೆ ನೋಡುತ್ತ, ಒಂದೇ ಉಸಿರಿಗೆ ಹೇಳಿದಳು.

"ಹೊಗೆ ವಾಸನೆ ಬಂತು. ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ, ಸ್ವಿಚ್ ಆರಿಸಿ, ಮೇಲಕ್ಕೆ ಓಡಿದೆ. ಬಾಗಿಲಿಗೆ ಬೀಗ ಇತ್ತು. ಒಳಗಿಂದ ಬಡೀತಿದ್ರು. ನಿಮ್ಮಕ್ಕ ಅಮ್ಮಾ ಅಂದ್ಲು. ಬೀಗ ಎಳೆದೆ, ಬರ್ಲಿಲ್ಲ. ಕೀಲಿಕೈನ ಹುಡುಕೋಕೆ ಕೆಳಗೆ ಓಡಿದೆ. ಆಮೇಲೆ ಹತ್ತೋಕೆ ಆಗ್ಲಿಲ್ಲ."

"ಬೀಗ ಎಂಥದ್ದಿತ್ತು?"

ಅಮ್ಮ ಹೆಬ್ಬೆರಳು ತೋರುಬೆರಳು ಹತ್ತಿರ ತಂದು ತೋರಿಸಿದಳು. ಟ್ರಂಕಿಗೆ ಹಾಕುವಂಥ ಸಣ್ಣ ಹಿತ್ತಾಳೆ ಬೀಗ, ಮುಟ್ಟಿ ಮುಟ್ಟಿ ಒಂದು ಮಗ್ಗುಲು ಹೊಳೆಯುತ್ತಿತ್ತು ಎಂದಳು. ಎರಡು ಬೆರಳುಗಳ ನಡುವೆ ಆ ಬೀಗ ಇದ್ದಂತೆಯೇ ಇತ್ತು. ಅವಳ ಕೈ ಒಂದಿಷ್ಟೂ ಅಲುಗಲಿಲ್ಲ.

ಗಿಣಿಗೆ ಇದು ಏನೇನೂ ಸಾಲದೆನಿಸಿತು. ಅಕ್ಕ ಸತ್ತ ಕಥೆ ಅಂಗಡಿಯ ಸಾಮಾನು ಎಣಿಸಿದ ಹಾಗೆ ಮುಗಿದುಹೋಗಿತ್ತು. ಇದನ್ನು ಕೇಳಿ ಯಾವ ಅಧಿಕಾರಿಯ ಮನಸ್ಸು ಕರಗೀತು? ಅವಳಿಗೆ ಇನ್ನೂ ಒಂದು ಭಯವಿತ್ತು, ಅದನ್ನು ತಡೆಯದೆ ಹೇಳಿಯೂಬಿಟ್ಟಳು.

"ಸಣ್ಣ ಬೀಗ ಅನ್ಬೇಡಮ್ಮ. ಅಷ್ಟು ಸಣ್ಣ ಬೀಗ ಒಡಿಯೋಕೆ ಆಗ್ಲಿಲ್ವಾ ಅಂತ ಕೇಳ್ತಾರೆ."

ಅಮ್ಮ ಆಗ ಮಗಳ ಮುಖ ನೋಡಿದಳು. ಬೆಂಕಿ ಬಿದ್ದ ದಿನದಿಂದ ಅವಳು ತನ್ನನ್ನು ತಾನು ಕೇಳಿಕೊಳ್ಳುತ್ತಿದ್ದದ್ದು ಅದೊಂದೇ. ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಇತ್ತು, ಕಬ್ಬಿಣದ ಭಾರದ ಪೆಟ್ಟಿಗೆ. ಅದನ್ನು ಹಾಗೆಯೇ ಹಿಡಿದುಕೊಂಡು ಓಡಿದ್ದರೆ ಒಂದೇ ಏಟಿಗೆ ಆ ಬೀಗ ಉದುರುತ್ತಿತ್ತು. ಆದರೆ ಬಿಸಿ ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಬಿಟ್ಟು ಹೋಗಬಾರದು, ನೆಟ್ಟಗೆ ನಿಲ್ಲಿಸಬೇಕು, ಸ್ವಿಚ್ ಆರಿಸಬೇಕು ಎಂದು ವರ್ಷಗಟ್ಟಲೆ ಪಳಗಿದ ಕೈ ಅದನ್ನು ನಿಲ್ಲಿಸಿತು, ಆರಿಸಿತು, ಬರಿದಾಗಿ ಮೇಲೆ ಹೋಯಿತು. ಈ ಮಾತನ್ನು ಅಮ್ಮ ಒಂದೇ ಒಂದು ಸಲ, ಅಕ್ಕನ ಬಟ್ಟೆಗಳನ್ನು ಮಡಿಸಿಡುವಾಗ, ಬೇರೆ ಯಾರಿಗೂ ತಿಳಿಯದ ಹಾಗೆ ಗಿಣಿಗೊಬ್ಬಳಿಗೆ ಹೇಳಿದ್ದಳು.

"ಹಾಗಾದ್ರೆ ಎಷ್ಟು ದೊಡ್ಡದು ಅನ್ಲಿ?" ಎಂದು ಅಮ್ಮ ಕೇಳಿದಳು.

ಅವಳು ಎಷ್ಟು ಬೇಗ ಒಪ್ಪಿದಳು ಎಂದು ಗಿಣಿಗೆ ಆಶ್ಚರ್ಯವಾಗಬೇಕಿತ್ತು, ಆಗಲಿಲ್ಲ. ಒಳ್ಳೆ ವಿದ್ಯಾರ್ಥಿ ಸಿಕ್ಕಳು ಎಂದು ಹಿಗ್ಗಿದಳು. ಅಂದಿನಿಂದ ಅವರ ಅಡುಗೆಮನೆಯೇ ಕ್ಲಾಸಾಯಿತು. ಗಿಣಿ ಪರೀಕ್ಷೆಗೆ ಓದಿದ ಹಾಗೂ ಆಗಬೇಕು, ಅಮ್ಮನ ಸಾಕ್ಷಿ ಗಟ್ಟಿಯಾದ ಹಾಗೂ ಆಗಬೇಕು. ಒಂದೊಂದು ಅಲಂಕಾರವನ್ನೂ ಬಾಯಿಪಾಠ ಹೇಳಿ, ಅದಕ್ಕೆ ಉದಾಹರಣೆಯಾಗಿ ಅಮ್ಮನ ಬಾಯಿಗೆ ಒಂದೊಂದು ವಾಕ್ಯ ಇಟ್ಟಳು. ಹೊಗೆ ಸುಮ್ಮನೆ ಬರಬಾರದು, ಹೆಬ್ಬಾವಿನ ಹಾಗೆ ಮೆಟ್ಟಿಲು ಇಳಿದು ಬರಬೇಕು. ಬಾಗಿಲು ಸುಮ್ಮನೆ ನಿಲ್ಲಬಾರದು, ಕಲ್ಲೆದೆಯವನ ಹಾಗೆ ನಿಲ್ಲಬೇಕು. ಬೀಗ ಕೋಟೆ ಬಾಗಿಲಿಗೆ ಹಾಕುವಂಥ ಕಬ್ಬಿಣದ ಬೀಗ, ಎರಡು ಕೈ ಸೇರಿಸಿದರೂ ಹಿಡಿಯಲಾಗದ್ದು. ಅಮ್ಮ ಮಗಳ ಹೆಸರು ಹಿಡಿದು ನೂರು ಸಲ ಕೂಗಬೇಕು. ಕೊನೆಗೆ ಉತ್ತರ ಬೇಡದ ಪ್ರಶ್ನೆ: ಬೀಗ ಇಲ್ಲದಿದ್ದರೆ ಯಾವ ತಾಯಿ ತಾನೇ ಮಗಳನ್ನು ಒಳಗೆ ಬಿಟ್ಟು ಕೆಳಗೆ ಇಳಿಯುತ್ತಾಳೆ?

ಉಪ್ಪು ಖಾರ ಹಚ್ಚುವುದರಲ್ಲಿ ಗಿಣಿಯ ಕೈ ಧಾರಾಳ. ಅಮ್ಮ ಸೊಪ್ಪು ಬಿಡಿಸುತ್ತ ಹೇಳಿಕೊಂಡಳು, ಕಸ ಗುಡಿಸುತ್ತ ಹೇಳಿಕೊಂಡಳು. ಮೊದಮೊದಲು ನಾಲಿಗೆ ತೊಡರುತ್ತಿತ್ತು, ಆಮೇಲೆ ಮಾತು ಸರಾಗವಾಯಿತು. ಬೀಗದ ಮಾತು ಬಂದಾಗ ಅವಳೇ ಕೈ ಚಾಚಿ ಗಾತ್ರ ತೋರಿಸತೊಡಗಿದಳು, ದಿನದಿಂದ ದಿನಕ್ಕೆ ಕೈಗಳ ನಡುವಿನ ಜಾಗ ಹಿಗ್ಗುತ್ತಿತ್ತು. ಬೆಂಕಿಯ ದಿನದಿಂದ ಕಣ್ಣು ಮುಚ್ಚದಿದ್ದ ಹೆಂಗಸು ಆ ವಾರ ಗೊರಕೆ ಹೊಡೆದು ಮಲಗಿದಳು. ತಾನು ಅಮ್ಮನಿಗೆ ಧೈರ್ಯ ತುಂಬಿದೆ ಎಂದು ಗಿಣಿ ಅಂದುಕೊಂಡಳು. ಅಂದುಕೊಳ್ಳುವುದಕ್ಕೇನು, ಅವಳಿಗೆ ವಯಸ್ಸು ಚಿಕ್ಕದು.

ವಿಚಾರಣೆ ನಡೆದದ್ದು ಹಳೆಯ ಕಚೇರಿಯ ಒಂದು ಉದ್ದನೆಯ ಕೋಣೆಯಲ್ಲಿ. ಸತ್ತ ಹೆಂಗಸರ ಮನೆಯವರೆಲ್ಲ ಬೆಂಚುಗಳ ಮೇಲೆ ಇಕ್ಕಟ್ಟಾಗಿ ಕೂತಿದ್ದರು. ಅಧಿಕಾರಿ ಕೆಟ್ಟವನಲ್ಲ, ದಣಿದವನು. ಕನ್ನಡಕ ಒರೆಸಿಕೊಂಡು, ನಿಧಾನವಾಗಿ ಹೇಳಿ ತಾಯಿ, ಗಾಬರಿ ಬೇಡ ಎಂದ.

ಅಮ್ಮ ಹೇಳಿದಳು. ಒಂದು ಮಾತೂ ತಪ್ಪಲಿಲ್ಲ. ಹೆಬ್ಬಾವು ಮೆಟ್ಟಿಲು ಇಳಿಯಿತು, ಕೋಟೆಯ ಬೀಗ ಬಾಗಿಲಿಗೆ ಬಿತ್ತು, ನೂರು ಸಲ ಕೂಗು ಕೇಳಿಸಿತು. ಬೆಂಚುಗಳ ಮೇಲಿನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದರು. ಅಧಿಕಾರಿ ಪೆನ್ನು ಕೆಳಗಿಟ್ಟು ಕಿಟಕಿಯ ಕಡೆ ನೋಡಿದ. ಉತ್ತರ ಬೇಡದ ಪ್ರಶ್ನೆ ಮುಗಿದಾಗ ಗಿಣಿಯ ಎದೆ ಉಬ್ಬಿತು. ಅಕ್ಕ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದಳು ಎನಿಸಿ ಕಣ್ಣು ತುಂಬಿಕೊಂಡಿತು. ಸಂಘದ ಕಾರ್ಯದರ್ಶಿ ಮಾತ್ರ ತಲೆ ಎತ್ತದೆ ತನ್ನ ಚಪ್ಪಲಿ ನೋಡುತ್ತಿದ್ದಳು.

ಆಮೇಲೆ ಮಾಲೀಕನ ವಕೀಲ ಎದ್ದ. ಅವನು ಗದರಲಿಲ್ಲ, ಮೇಜು ಗುದ್ದಲಿಲ್ಲ. ಮೊದಲು ಅಮ್ಮನಿಗೆ ನೀರು ಕೊಡಿಸಿದ. ನಿಮ್ಮ ದುಃಖ ದೊಡ್ಡದು ಎಂದ. ಬೀಗ ಎಷ್ಟು ದೊಡ್ಡದಿತ್ತು, ಇನ್ನೊಮ್ಮೆ ತೋರಿಸುತ್ತೀರಾ ಎಂದು ಕೇಳಿದ. ಅಮ್ಮ ಎರಡೂ ಕೈ ಚಾಚಿ ತೋರಿಸಿದಳು.

"ಕೈ ಹಾಗೇ ಇರ್ಲಿ ತಾಯಿ," ಎಂದ ವಕೀಲ.

ಮೇಜಿನ ಮೇಲಿದ್ದ ಬಟ್ಟೆಯ ಗಂಟು ಬಿಚ್ಚಿ ಒಂದು ವಸ್ತು ತೆಗೆದ. ಬೂದಿಯಲ್ಲಿ ಸಿಕ್ಕಿದ ಕೊಂಡಿ. ಸುಟ್ಟು ಕಪ್ಪಾಗಿತ್ತು, ಅದರ ಕಣ್ಣು ಪೆನ್ಸಿಲು ತೂರುವಷ್ಟು ಮಾತ್ರ ಇತ್ತು. ಅದನ್ನು ತಂದು ಅಮ್ಮನ ಚಾಚಿದ ಕೈಗಳ ನಡುವೆ ಹಿಡಿದ. ಆ ಎರಡು ಕೈಗಳ ನಡುವೆ ಅದು ನಗು ಬರುವಷ್ಟು ಸಣ್ಣದಾಗಿ ಕಂಡಿತು. ಅಷ್ಟು ದೊಡ್ಡ ಬೀಗದ ಕಂಬಿ ಇದರೊಳಗೆ ಹೇಗೆ ತೂರಿತು ಎಂದು ಕೇಳಿದ.

ಅಮ್ಮ ಕೊಂಡಿಯನ್ನು ನೋಡಿದಳು. ದಿನವೂ ನೋಡುತ್ತಿದ್ದ ಕೊಂಡಿ ಅದೇ. ಆಮೇಲೆ ಬೆಂಚಿನ ಕಡೆ ತಿರುಗಿ ಗಿಣಿಯನ್ನು ನೋಡಿದಳು. ಗಿಣಿಗೆ ಎದ್ದು ನಿಲ್ಲಲು ಅಷ್ಟು ಹೊತ್ತು ಸಾಕಿತ್ತು. ಬೀಗ ಸಣ್ಣದಿತ್ತು, ದೊಡ್ಡದು ಮಾಡಿದವಳು ನಾನು ಎಂದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಗೋಡೆಗೂ ಪಾತ್ರೆಗೂ ಪಾಠ ಹೇಳುತ್ತಿದ್ದ ಬಾಯಿ ಆ ಹೊತ್ತಿಗೆ ಬಿಗಿದುಕೊಂಡಿತು. ಅವಳು ತಲೆ ತಗ್ಗಿಸಿದಳು.

"ಅಷ್ಟೇ ದೊಡ್ಡದಿತ್ತು," ಎಂದಳು ಅಮ್ಮ. ಕೈ ಇಳಿಸಲಿಲ್ಲ.

ವಕೀಲ ತಲೆಯಾಡಿಸಿದ. ಹಾಗಾದರೆ ಹೊರಗಿನ ಬೀಗವಲ್ಲ, ಒಳಗಿನ ಚಿಲಕವೇ ಇರಬಹುದು, ಹೊಗೆಯಲ್ಲಿ ಇವರಿಗೆ ಏನು ಕಂಡಿತೋ ಎಂದು ಅಧಿಕಾರಿಗೆ ಮೆಲ್ಲಗೆ ಹೇಳಿದ. ಕೂರಲು ಹೋದವನು ಏನೋ ನೆನಪಾದವನಂತೆ ತಿರುಗಿದ.

"ಯಾವ ತಾಯಿ ತಾನೇ ಮಗಳನ್ನ ಬಿಟ್ಟು ಕೆಳಗೆ ಇಳೀತಾಳೆ ಅಂದ್ರಿ. ನೀವು ಇಳಿದ್ರಲ್ಲ, ತಾಯಿ."

ಯಾರೂ ಉತ್ತರ ಕೊಡಲಾರರು ಎಂದಿದ್ದರು ಕಾಮಾ ಮೇಷ್ಟ್ರು.

ತೀರ್ಪು ಬರಲು ಬಹಳ ದಿನ ಹಿಡಿಯಲಿಲ್ಲ. ಹೊರಗಿನಿಂದ ಬೀಗ ಹಾಕಲಾಗಿತ್ತು ಎಂಬುದಕ್ಕೆ ನಂಬಬಹುದಾದ ಸಾಕ್ಷಿ ಇಲ್ಲ, ಉಸ್ತುವಾರಿ ಹೊತ್ತಿದ್ದ ಹೆಂಗಸು ಒಳಗಿನಿಂದ ಚಿಲಕ ಹಾಕಿರುವ ಸಾಧ್ಯತೆಯೇ ಹೆಚ್ಚು ಎಂದು ಅಧಿಕಾರಿ ಬರೆದ. ಮಾಲೀಕ ಬೇರೆ ಕಟ್ಟಡದಲ್ಲಿ ಯಂತ್ರಗಳನ್ನು ಹೂಡಿದ. ಕೀಲಿಕೈ ಅಲ್ಲಿಯೂ ಮೇಸ್ತ್ರಿಯೇ. ವಿಚಾರಣೆಯ ದಿನ ಅಮ್ಮನ ಮಾತಿಗೆ ಬಿಕ್ಕಿ ಅತ್ತಿದ್ದ ಹೆಂಗಸರು ಈಗ ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸಿ ಹೋಗುತ್ತಿದ್ದರು. ಮಗಳನ್ನು ಕಳೆದುಕೊಂಡ ಒಬ್ಬ ಮುದುಕಿ ನಲ್ಲಿಯ ಬಳಿ ಅಮ್ಮನ ಕೊಡ ಪಕ್ಕಕ್ಕೆ ತಳ್ಳಿ, ನಿನ್ನ ಮಗಳು ಯಾಕೆ ಚಿಲಕ ಹಾಕಿದಳು, ನನ್ನ ಮಗು ಅವಳಿಗೇನು ಮಾಡಿತ್ತು ಎಂದು ಕೇಳಿದಳು. ಅಮ್ಮ ಕೊಡ ಎತ್ತಿಕೊಂಡು ನೀರಿಲ್ಲದೆ ಮನೆಗೆ ಬಂದಳು.

ಪರೀಕ್ಷೆಯೂ ಬಂತು. ಹೈಪರ್ಬೊಲಿ ಎಂದರೇನು, ಅದರ ಪರಿಣಾಮವನ್ನು ಉದಾಹರಣೆಯೊಂದಿಗೆ ವಿವರಿಸಿ ಎಂಬ ಪ್ರಶ್ನೆ ಇತ್ತು. ಪರಿಣಾಮ ಅವಳಿಗಿಂತ ಚೆನ್ನಾಗಿ ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳು ಪುಸ್ತಕದ ಸಪ್ಪೆ ಉದಾಹರಣೆ ಬರೆದು, ಉಳಿದ ಹೊತ್ತು ಪೆನ್ನಿನ ಮುಚ್ಚಳ ಕಚ್ಚುತ್ತ ಕೂತಳು. ಅಂದಿನಿಂದ ಬಾಯಿಬಿಟ್ಟು ಓದುವುದನ್ನೂ ನಿಲ್ಲಿಸಿದಳು. ಹುಡುಗಿಗೆ ಹುಷಾರಿಲ್ಲವೇನೋ ಎಂದು ಪಕ್ಕದ ಮನೆಯವರು ಮಾತಾಡಿಕೊಂಡರು.

ಪರೀಕ್ಷೆ ಮುಗಿದ ಮಧ್ಯಾಹ್ನ ಅವಳು ನೇರವಾಗಿ ಸಂಘದ ಕಚೇರಿಗೆ ಹೋದಳು. ಕಾರ್ಯದರ್ಶಿಯ ಮುಂದೆ ನಿಂತು, ಹೆಬ್ಬಾವು, ಕೋಟೆಯ ಬೀಗ, ನೂರು ಕೂಗು, ಎಲ್ಲ ತನ್ನ ಕೈವಾಡ ಎಂದು ಒಪ್ಪಿಕೊಂಡಳು. ನಿಜವಾದ ಬೀಗ ಟ್ರಂಕಿನದ್ದು, ಹಿತ್ತಾಳೆಯದ್ದು ಎಂದಳು. ಕಾರ್ಯದರ್ಶಿ ಬೈಯಲಿಲ್ಲ, ಕಡತ ತೆಗೆದು ಕೊಂಡಿಯ ಅಳತೆ ನೋಡಿದಳು. ಬೈದಿದ್ದರೆ ಗಿಣಿಗೆ ಹಗುರಾಗುತ್ತಿತ್ತು. ಕೊನೆಗೆ ಕಾರ್ಯದರ್ಶಿ, ಅಂಥ ಬೀಗ ಆ ಕೊಂಡಿಗೆ ಸರಿಯಾಗಿ ಕೂರುತ್ತದೆ, ಮೇಲ್ಮನವಿಗೆ ಇನ್ನೂ ಅವಕಾಶವಿದೆ ಎಂದಳು. ಆದರೆ ಹೇಳುವವಳು ಅಮ್ಮನೇ ಆಗಬೇಕು, ಬೇರೆಯವರು ಹೇಳಿದರೆ ನಡೆಯದು, ಬೀಗವನ್ನು ಕಣ್ಣಾರೆ ಕಂಡ ಹಾಗೆ ಅವಳ ಬಾಯಿಂದಲೇ ಬರಬೇಕು ಎಂದಳು.

ಗಿಣಿ ಓಡುತ್ತಲೇ ಮನೆಗೆ ಬಂದಳು. ಅಮ್ಮ ಕಿಟಕಿಯ ಪಕ್ಕ ಮೇಜು ಹಾಕಿಕೊಂಡು ಯಾರದೋ ಅಂಗಿಗಳಿಗೆ ಇಸ್ತ್ರಿ ಮಾಡುತ್ತಿದ್ದಳು. ಕೆಲಸ ಹೋದ ಮೇಲೆ ಅದೇ ಅವಳ ಜೀವನ. ಒದ್ದೆ ಬೆರಳನ್ನು ಪೆಟ್ಟಿಗೆಗೆ ತಾಗಿಸಿ ಶಾಖ ನೋಡಿ, ಕಾಲರಿನ ತುದಿಯಿಂದ ಒಳಕ್ಕೆ ತೀಡುತ್ತಿದ್ದಳು. ಗಿಣಿ ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದಳು. ನನ್ನ ತಪ್ಪು, ನನ್ನ ಸೊಕ್ಕು ಎಂದಳು. ಇನ್ನೊಂದು ಸಲ ಹೋಗಿ ಮೊದಲು ನನಗೆ ಹೇಳಿದ ಹಾಗೆ ಹೇಳಿಬಿಡು, ಅಷ್ಟೇ ಸಾಕು, ಅಕ್ಕನ ಮೇಲಿನ ಕಳಂಕ ಹೋಗುತ್ತದೆ ಎಂದಳು.

ಅಮ್ಮ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಸ್ವಿಚ್ ಆರಿಸಿದಳು.

"ಬೀಗ ಎಷ್ಟಿತ್ತು ಅಂತ ತೋರ್ಸಮ್ಮ," ಎಂದಳು ಗಿಣಿ. "ಅವತ್ತು ತೋರಿಸಿದ್ಯಲ್ಲ, ಹಾಗೆ."

ಅಮ್ಮ ಬಲಗೈ ಎತ್ತಿದಳು. ಹೆಬ್ಬೆರಳು, ತೋರುಬೆರಳು. ಎರಡನ್ನೂ ಹತ್ತಿರ ತಂದಳು, ಮತ್ತೆ ದೂರ ಮಾಡಿದಳು, ಮತ್ತೆ ತಂದಳು. ಬೆರಳುಗಳು ಎಲ್ಲಿಯೂ ನಿಲ್ಲಲಿಲ್ಲ. ಹುಬ್ಬು ಗಂಟಿಕ್ಕಿ ಅವುಗಳ ನಡುವಿನ ಜಾಗವನ್ನು ನೋಡಿದಳು, ಅಲ್ಲಿ ಏನೋ ಇಟ್ಟು ಮರೆತವಳ ಹಾಗೆ. ಹಿತ್ತಾಳೆಯದ್ದು ಅಂತ ನೀನೇ ಅಂದಿದ್ದೆ, ಒಂದು ಮಗ್ಗುಲು ಹೊಳೀತಿತ್ತು ಅಂದಿದ್ದೆ ಎಂದು ಗಿಣಿ ನೆನಪಿಸಿದಳು. ಅಮ್ಮ ತಲೆ ಅಲ್ಲಾಡಿಸಿದಳು.

"ಕಣ್ಣು ಮುಚ್ಚಿದ್ರೆ ನೀನು ಹೇಳಿಕೊಟ್ಟ ಬೀಗಾನೇ ಕಾಣುತ್ತೆ ಕಣೇ. ಕಬ್ಬಿಣದ್ದು. ಇನ್ನೊಂದು ಕಾಣ್ತಿಲ್ಲ."

ಗಿಣಿ ಅಳತೊಡಗಿದಳು. ನಾನು ಮತ್ತೆ ಹೇಳಿಕೊಡುತ್ತೇನೆ, ದಿನವೂ ಹೇಳಿಕೊಡುತ್ತೇನೆ ಎಂದು ಅಮ್ಮನ ಮೊಣಕೈ ಹಿಡಿದುಕೊಂಡಳು. ಅಮ್ಮ ಆ ಕೈಯನ್ನು ಮೆಲ್ಲಗೆ ಬಿಡಿಸಿದಳು. ಸ್ವಿಚ್ ಹಾಕಿ, ಪೆಟ್ಟಿಗೆ ಕಾಯುವವರೆಗೆ ಅಂಗಿಯ ತೋಳನ್ನು ಅಂಗೈಯಿಂದ ಸವರಿ ನೇರ ಮಾಡಿದಳು.

"ಬೇಡ," ಎಂದಳು. "ಆ ದೊಡ್ಡದೇ ಇರ್ಲಿ ಬಿಡು. ಅದನ್ನ ಒಡಿಯೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ."